ಕುರ್ಲಾದ ಕಾರು, ಊರೂರಿನ ಬಿಡಿಭಾಗ

ಈ ಕಾರನ್ನು ಯಾರು ತಯಾರಿಸಿದರೆಂದು ಕೇಳಿದರೆ ನಾವು ಅದರ ಮೂತಿಯ ಮೇಲಿನ ಹೆಸರನ್ನು ಓದಿ ಹೇಳುತ್ತೇವೆ. ಆ ಹೆಸರಿನ ಕಾರ್ಖಾನೆಯಲ್ಲಿ ಎಂಜಿನ್ನೂ ಹೊರಮೈಯೂ ತಯಾರಾಗಿರಬಹುದು. ಪ್ಲಗ್ಗು, ಡೈನಮೋ, ಟೈರು, ಗಾಜು, ನಟ್ಟು ಬೋಲ್ಟುಗಳನ್ನು ಮಾಡಿಕೊಟ್ಟವರು ಬೇರೆ. ಮುಂಬಯಿಯ ಕಾರಿನ ಚರಿತ್ರೆಯನ್ನು ಈ ಬೇರೆಯವರನ್ನು ಬಿಟ್ಟು ಬರೆಯುವಂತಿಲ್ಲ.

ಜನರಲ್ ಮೋಟರ್ಸ್ ಕಂಪನಿ 1928ರಲ್ಲೇ ಈ ನಗರದಲ್ಲಿ ಕಾರು ಜೋಡಿಸತೊಡಗಿತ್ತು. ಭಾಗಗಳೆಲ್ಲ ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದವು. ನಮ್ಮವರು ಬಿಗಿಯುತ್ತಿದ್ದದ್ದು ತಿರುಪುಗಳನ್ನು ಮಾತ್ರ. ಕಾರನ್ನು ಇಲ್ಲಿಯೇ ತಯಾರಿಸಬೇಕೆಂದು ಹಟ ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದ ಅವರು ಮುಂಬಯಿಗಾಗಿ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಹೆಗಲು ಕೊಟ್ಟರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತ್ತು. ಆದರೆ ಬ್ರಿಟಿಷ್ ಸರ್ಕಾರ ಒಲವು ತೋರಲಿಲ್ಲ. 1940ರಲ್ಲಿ ವಾಲಚಂದರು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ಕಟ್ಟಿದರು. ಕಾರಿನ ಸರದಿ ಬಂದದ್ದು ಆಮೇಲೆ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಕ್ರೈಸ್ಲರ್ ಕಂಪನಿಯ ಸಹಕಾರದಿಂದ 1947ರಲ್ಲಿ ಕುರ್ಲಾದಿಂದ ಗಾಡಿಗಳು ಹೊರಬಂದವು.

ಅವೂ ಬಹುಮಟ್ಟಿಗೆ ಜೋಡಣೆಯ ಗಾಡಿಗಳೇ. ಸುಂಕ ಆಯೋಗದ ಶಿಫಾರಸಿನಂತೆ 1953ರಲ್ಲಿ ಸರ್ಕಾರ, ತಯಾರಿಕೆಯ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲವೆಂದಿತು. ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ಬಾಗಿಲು ಹಾಕಿದವು. ಕುರ್ಲಾದಲ್ಲಿ ಫಿಯಟ್ 1100 ಶುರುವಾಯಿತು. ಆಮದನ್ನು ತಗ್ಗಿಸುತ್ತಾ ಹೋಗಬೇಕೆಂದರೆ ಭಾಗಗಳನ್ನು ಮಾಡುವವರು ಬೇಕಲ್ಲ! ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸತೊಡಗಿತು. 1961ರಲ್ಲಿ ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ವಿದ್ಯುತ್ ಉಪಕರಣಗಳಿಗೆಂದು ಸ್ಥಾಪನೆಯಾಯಿತು. ಎಷ್ಟೋ ಸಣ್ಣ ವರ್ಕ್‌ಶಾಪುಗಳು ಲೇತು, ಪ್ರೆಸ್ಸುಗಳನ್ನು ಹಾಕಿಕೊಂಡವು. ಹೊರಗೆ ಸಿಗದ್ದನ್ನು ಕಾರ್ಖಾನೆ ತಾನೇ ಮಾಡಿಕೊಳ್ಳಬೇಕಿತ್ತು. 1970ರ ದಶಕದಲ್ಲಿ ಕಾರಿನ ಹೆಸರು ಪದ್ಮಿನಿ ಎಂದಾಯಿತು. ಆಕಾರ ಹಾಗೆಯೇ ಉಳಿಯಿತು.

ಬದಲಾಗದ್ದಕ್ಕೆ ಕಾರ್ಖಾನೆಯೊಂದನ್ನೇ ದೂರುವುದು ನ್ಯಾಯವಲ್ಲವೆಂದು ನಮ್ಮ ಎಣಿಕೆ. ಒಂದು ಬಾಗಿಲಿನ ಆಕಾರ ಬದಲಾದರೆ ಅದರ ಅಚ್ಚು, ಗಾಜು, ರಬ್ಬರಿನ ಅಂಚು, ಚಿಲಕ ಎಲ್ಲವೂ ಬದಲಾಗಬೇಕು. ಪೂರೈಕೆದಾರನು ಹೊಸ ಅಚ್ಚಿಗೆ ಹಣ ಹಾಕಬೇಕು. ಇದ್ದ ಕಾರಿಗಾಗಿಯೇ ಗಿರಾಕಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿದ್ದಾಗ, ಲೈಸೆನ್ಸಿನ ಕಾಲದಲ್ಲಿ, ಆ ಹಣ ಯಾರು ಹಾಕಿಯಾರು?

ಈ ಕಟ್ಟನ್ನು ಅಲುಗಿಸಿದ್ದು ಮಾರುತಿ. 1982ರಲ್ಲಿ ಸುಝುಕಿಯೊಡನೆ ಒಪ್ಪಂದ, 1983ರ ಡಿಸೆಂಬರಿನಲ್ಲಿ ಗುರಗಾಂವಿನಿಂದ ಮೊದಲ ಕಾರು. ಆರಂಭದಲ್ಲಿ ಹೆಚ್ಚಿನ ಭಾಗಗಳು ಜಪಾನಿನವೇ. ಆದರೆ ಮಾರುತಿ ಎಲ್ಲವನ್ನೂ ತನ್ನ ಮಾಡಿನ ಕೆಳಗೆ ತರಲು ಹೊರಡಲಿಲ್ಲ. ಇಲ್ಲಿಯ ಉದ್ಯಮಿಗಳಿಗೆ ಜಪಾನಿನ ಕಂಪನಿಗಳ ತಾಂತ್ರಿಕ ನೆರವು ಕೊಡಿಸಿತು, ಕೆಲವು ಕಡೆ ತಾನೂ ಬಂಡವಾಳ ಹಾಕಿತು. ಪ್ರತಿಯಾಗಿ ಗುಣಮಟ್ಟವನ್ನೂ ವೇಳೆಯನ್ನೂ ಬಿಗಿಯಾಗಿ ಕೇಳಿತು. ಹಳಬರಲ್ಲಿ ಕೆಲವರು ಕಲಿತು ಬೆಳೆದರು. ಹಳೆಯ ಅಚ್ಚಿಗೇ ಅಂಟಿಕೊಂಡವರು ಪದ್ಮಿನಿಯೊಡನೆ ಸೊರಗಿದರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟಳೆಯೂ ಹೋಯಿತು. 2000ದ ಆಸುಪಾಸಿನಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು.

ಅಷ್ಟು ಹೊತ್ತಿಗೆ, 1999ರಲ್ಲಿ, ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಕೆಲಸ ಆರಂಭಿಸಿತ್ತು. ಅಲ್ಲಿ ಪೂರೈಕೆದಾರರಲ್ಲಿ ಹಲವರು ಕಾರ್ಖಾನೆಯ ನೆರೆಯಲ್ಲೇ ನೆಲೆಯೂರಿದರು. ತಿಂಗಳುಗಟ್ಟಲೆಯ ದಾಸ್ತಾನಿಲ್ಲ, ಬೇಕಾದ ಭಾಗ ಬೇಕಾದ ಹೊತ್ತಿಗೆ ಬರುವ ಏರ್ಪಾಡು. ವಿಶ್ವೇಶ್ವರಯ್ಯನವರು ಯೋಜನೆ ಬರೆದು ಅರುವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು.

ಇತ್ತ ಮುಂಬಯಿಯಲ್ಲಿ, ತಾಯಿ ಕಾರ್ಖಾನೆ ಮುಚ್ಚಿದ ಮೇಲೂ ಪದ್ಮಿನಿ ಟ್ಯಾಕ್ಸಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಓಡಿದವು. ನಾವೆಲ್ಲ ಅವುಗಳಲ್ಲಿ ಕುಳಿತವರೇ. ಗುಜರಿಗೆ ಹೋದ ಗಾಡಿಗಳಿಂದ ಬಿಚ್ಚಿದ ಭಾಗಗಳೂ ಮೆಕ್ಯಾನಿಕ್ಕುಗಳ ಕೈಚಳಕವೂ ಅವುಗಳನ್ನು ನಡೆಸಿದವು. ಕೊನೆಯ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.