ಚಿತ್ರಕಾರನೂ ಶಾಸನವೂ

ಕವಿಯು ರಚಿಸಿದ ಕಾವ್ಯಕ್ಕೆ ಕವಿಯೇ ಒಡೆಯನೆಂಬ ಭಾವನೆಯು ನಮಗೆ ಈಗ ಸಹಜವಾಗಿ ತೋರುತ್ತದೆ. ಆದರೆ ರಾಜಶಾಸನವು ಈ ಒಡೆತನವನ್ನು ಒಪ್ಪಿಕೊಂಡುದು ಬಹು ಪ್ರಾಚೀನವಾದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಗ್ರಂಥಕರ್ತರಿಗೆ ಇಂತಹ ರಕ್ಷಣೆಯು ದೊರೆತುದು 1710ರಲ್ಲಿ, ಆನ್ ರಾಣಿಯ ಕಾಲದ ಶಾಸನದಿಂದ. ಚಿತ್ರಕಾರನಾದರೋ ಇನ್ನೂ ಕಾಲು ಶತಮಾನ ಕಾಯಬೇಕಾಯಿತು. ಆತನ ಹಕ್ಕನ್ನು ಯಾರೂ ಕರೆದು ಕೊಡಲಿಲ್ಲ, ಹೋರಾಡಿ ಪಡೆಯಬೇಕಾಯಿತು. ಆ ಹೋರಾಟಕ್ಕೆ ಮುಂದಾಳಾದವನು ವಿಲಿಯಂ ಹೋಗಾರ್ತನು.

ಹೋಗಾರ್ತನು 1697ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದನು. ತಂದೆಯು ಲ್ಯಾಟಿನ್ ಭಾಷೆಯನ್ನು ಬಲ್ಲ ಉಪಾಧ್ಯಾಯ. ಪುಸ್ತಕಗಳನ್ನು ಬರೆದರೂ ಅವುಗಳಿಂದ ಲಾಭವಾದುದು ವ್ಯಾಪಾರಿಗಳಿಗೇ ಹೊರತು ಆತನಿಗಲ್ಲ. ಕಡೆಗೆ ಸಾಲವನ್ನು ತೀರಿಸಲಾರದೆ ಆತನು ಫ್ಲೀಟ್ ಸೆರೆಮನೆಯನ್ನು ಸೇರಿದನು. ವಿದ್ಯೆಯೊಂದೇ ಹೊಟ್ಟೆಯನ್ನು ತುಂಬಿಸದೆಂಬುದನ್ನು ಮಗನು ಎಳೆಯ ವಯಸ್ಸಿನಲ್ಲಿಯೇ ಕಂಡನು. ಬೆಳ್ಳಿಯ ಮೇಲೆ ಕೆತ್ತನೆ ಮಾಡುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು.

1732ರಲ್ಲಿ ಹೋಗಾರ್ತನು, ಹಳ್ಳಿಯಿಂದ ಲಂಡನ್ನಿಗೆ ಬಂದು ಕೆಟ್ಟುಹೋದ ಹೆಣ್ಣೊಬ್ಬಳ ಕಥೆಯನ್ನು ಆರು ಚಿತ್ರಗಳಲ್ಲಿ ಕೆತ್ತಿ ಪ್ರಕಟಿಸಿದನು. ಆರಕ್ಕೂ ಸೇರಿ ಒಂದು ಗಿನಿ ಬೆಲೆ. ಚಂದಾದಾರರು ಸಾವಿರಕ್ಕೂ ಮಿಕ್ಕಿ ದೊರೆತರು. ಆದರೆ ಮೂಲವು ಹೊರಬಿದ್ದುದೇ ತಡ, ಕಳ್ಳಪ್ರತಿಗಳು ಅಂಗಡಿಗಳನ್ನು ತುಂಬಿದವು. ಕಲ್ಪನೆಯ ಶ್ರಮವೂ ಕೆತ್ತನೆಯ ಶ್ರಮವೂ ಒಬ್ಬನದು. ಹಣವು ಅದನ್ನು ಅಗ್ಗವಾಗಿ ನಕಲು ಮಾಡಿಸಿದ ಚಿತ್ರವ್ಯಾಪಾರಿಯದು. ಇದನ್ನು ತಡೆಯಲು ನ್ಯಾಯಾಲಯದಲ್ಲಿ ಯಾವ ದಾರಿಯೂ ಇರಲಿಲ್ಲ.

ಆಗ ಹೋಗಾರ್ತನು ಜಾರ್ಜ್ ವರ್ಟ್ಯೂ, ಜಾನ್ ಪೈನ್ ಮೊದಲಾದ ಕಲಾವಿದರನ್ನು ಕೂಡಿಕೊಂಡು 1735ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿಗೆ ಬಿನ್ನವತ್ತಳೆಯನ್ನು ಸಲ್ಲಿಸಿದನು. ಮಸೂದೆಯ ಕರಡನ್ನು ಆತನ ಸ್ನೇಹಿತನಾದ ವಿಲಿಯಂ ಹಗ್ಗಿನ್ಸನೆಂಬ ನ್ಯಾಯವಾದಿಯು ಗ್ರಂಥಕರ್ತರ ಶಾಸನವನ್ನೇ ಮಾದರಿಯಾಗಿಟ್ಟುಕೊಂಡು ಬರೆದನೆಂದು ಪ್ರತೀತಿ. ಅದೇ ವರ್ಷ ಅದು ಶಾಸನವಾಯಿತು. ತಾನೇ ಕಲ್ಪಿಸಿ ಕೆತ್ತಿದ ಚಿತ್ರದ ಮೇಲೆ ಕಲಾವಿದನಿಗೆ 14 ವರ್ಷಗಳ ಹಕ್ಕು. ಪ್ರತಿಯೊಂದು ಅಚ್ಚಿನ ಮೇಲೂ ಒಡೆಯನ ಹೆಸರೂ ಪ್ರಕಟನೆಯ ದಿನವೂ ಇರಬೇಕು. ಕದ್ದವನು ತಗಡನ್ನು ಒಪ್ಪಿಸಿ, ಪ್ರತಿಯೊಂದು ಕಳ್ಳಪ್ರತಿಗೂ ಐದು ಷಿಲಿಂಗು ದಂಡ ತೆರಬೇಕು.

ಈ ಸಮಯದಲ್ಲಿ ಹೋಗಾರ್ತನ ಕೈಯಲ್ಲಿ, ತಂದೆಯ ಆಸ್ತಿಯನ್ನು ದುಂದುಮಾಡಿದ ಯುವಕನೊಬ್ಬನ ಕಥೆಯ ಎಂಟು ಚಿತ್ರಗಳು ಸಿದ್ಧವಾಗುತ್ತಿದ್ದವು. ಶಾಸನವು ಜೂನ್ 24ರಿಂದ ಜಾರಿಗೆ ಬರುವುದೆಂದು ತಿಳಿದು, ಆತನು ಅವುಗಳನ್ನು ಜೂನ್ 25ರವರೆಗೆ ತಡೆಹಿಡಿದನು. ವ್ಯಾಪಾರಿಗಳು ಸುಮ್ಮನಿರಲಿಲ್ಲ. ನೋಡುವ ನೆವದಿಂದ ಜನರನ್ನು ಆತನ ಮನೆಗೆ ಕಳುಹಿಸಿ, ಅವರು ನೆನಪಿನಲ್ಲಿಟ್ಟು ತಂದುದನ್ನೇ ಆಧರಿಸಿ, ಶಾಸನವು ಜಾರಿಯಾಗುವುದಕ್ಕೆ ಮುಂಚೆಯೇ ಕಳ್ಳಚಿತ್ರಗಳನ್ನು ಮಾರಿದರು! ಹೋಗಾರ್ತನು ಎದೆಗುಂದದೆ, ಬಡವರೂ ಕೊಳ್ಳಲೆಂದು ತನ್ನ ಒಪ್ಪಿಗೆಯಿಂದಲೇ ಅಗ್ಗದ ಪ್ರತಿಗಳನ್ನು ಹೊರಡಿಸಿ ಕಳ್ಳರ ಗಿರಾಕಿಯನ್ನು ತಗ್ಗಿಸಲೆಳಸಿದನು. ಶಾಸನವು ಬಂದರೂ ಜಾಣ್ಮೆಯು ಬೇಕೆಂಬುದಕ್ಕೆ ಇದು ನಿದರ್ಶನ.

ಶಾಸನದಲ್ಲಿ ಕೊರತೆಗಳೂ ಇದ್ದವು. ಅನ್ಯರ ವರ್ಣಚಿತ್ರವನ್ನು ನೋಡಿ ಕೆತ್ತುವ ಕುಶಲಿಗೆ ಅದರಿಂದ ಆಶ್ರಯವಿರಲಿಲ್ಲ. ಕೂಲಿ ಕೊಟ್ಟು ಚಿತ್ರ ಬರೆಯಿಸಿದವನಿಗೂ ಅದು ಅನ್ವಯಿಸದೆಂದು 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ಕನು ತೀರ್ಪಿತ್ತನು. 1767ರ ತಿದ್ದುಪಡಿಯು ಮೊದಲನೆಯ ಕೊರತೆಯನ್ನು ನೀಗಿಸಿ, ಅವಧಿಯನ್ನು 28 ವರ್ಷಗಳಿಗೆ ಏರಿಸಿತು. ಹೋಗಾರ್ತನು 1764ರಲ್ಲಿಯೇ ತೀರಿಹೋಗಿದ್ದನು. ಆದರೆ ಆತನ ವಿಧವೆ ಜೇನಳಿಗೆ ಪತಿಯ ಚಿತ್ರಗಳ ಮೇಲೆ 20 ವರ್ಷಗಳ ವಿಶೇಷ ಹಕ್ಕನ್ನು ಇದೇ ಶಾಸನವು ಕೊಟ್ಟಿತು. ಸಾಲದ ಸೆರೆಮನೆಯಲ್ಲಿ ನರಳಿದ ಪಂಡಿತನ ಸೊಸೆಗೆ, ಮಗನ ಕೈಕೆಲಸವು ಜೀವನಾಧಾರವಾಯಿತು.

ನಮ್ಮ ದೇಶದಲ್ಲಿ 1914ರ ಕಾಯಿದೆಯ ತರುವಾಯ 1957ರ ಕೃತಿಸ್ವಾಮ್ಯ ಕಾಯಿದೆಯು ಬಂದಿತು. ಅದರ 57ನೆಯ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕನ್ನು ಮಾರಿದ ಮೇಲೆಯೂ ಕರ್ತೃವಿನ ಹೆಸರಿಗೂ ಕೃತಿಯ ಮಾನಕ್ಕೂ ರಕ್ಷಣೆಯನ್ನು ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಲಾಗಿದ್ದ ಅಮರನಾಥ ಸೆಹಗಲ್ಲರ ಭಿತ್ತಿಶಿಲ್ಪದ ಅವಶೇಷಗಳನ್ನು ಅವರಿಗೆ ಹಿಂದಿರುಗಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು 2005ರಲ್ಲಿ ಆಜ್ಞಾಪಿಸಿದುದು ಈ ಪ್ರಕರಣದ ಬಲದಿಂದಲೇ. ಕಲೆಗೆ ರಸಿಕರ ಮೆಚ್ಚುಗೆಯು ಪ್ರಾಣವಾದರೆ, ಕಲಾವಿದನ ಬಾಳಿಗೆ ನ್ಯಾಯವು ಬೇಲಿ. ಆ ಬೇಲಿಗೆ ಮೊದಲ ಗೂಟವನ್ನು ನೆಟ್ಟವರಲ್ಲಿ ಹೋಗಾರ್ತನೂ ಒಬ್ಬನೆಂಬುದನ್ನು ಕಲಾಭಿಮಾನಿಗಳು ಮರೆಯಲಾಗದು.