ಕಡತ, ಕಲ್ಲು ಮತ್ತು ಒಂದು ಮೆಮೊರಿ ಕಾರ್ಡು

ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಸುಮಾರು ಮುನ್ನೂರು ಫೋಟೋ ನನ್ನ ಹತ್ತಿರ ಇವೆ. ಬೇಕಾದರೆ ಕೊಡ್ತೀನಿ. ಆದರೆ ಯಾರೂ ಕೇಳಲ್ಲ. ಹನ್ನೆರಡು ರಾಶಿ ಕಂಬಗಳಿರುವ ಆ ಗುಡಿಯ ಚಿತ್ರ ಅಲ್ಲಿಗೆ ಹೋದವರೆಲ್ಲರ ಮೊಬೈಲಿನಲ್ಲೂ ಇರುತ್ತದೆ. ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಕಲ್ಲಿನ ಚಿತ್ರವನ್ನು ಅಳಿಸಿ, ಅದೇ ಜಾಗದಲ್ಲಿ ಈ ಮುನ್ನೂರನ್ನು ತುಂಬಿಕೊಂಡವನು ನಾನು.

ಅದು ಮೂರು ದಿನದ ತಿರುಗಾಟ. ಮೊದಲ ದಿನ ನರಸಿಂಹರಾಜಪುರ, ಅಂದರೆ ಹಿಂದಿನ ಎಡೇಹಳ್ಳಿ. ಸಿಂಹನಗದ್ದೆಯ ಬಸದಿ ನೋಡಿಕೊಂಡು ಕೊಪ್ಪದ ಕಡೆ ಹೊರಟೆ. ದಾರಿಯಲ್ಲಿ ಒಂದು ಅಡಿಕೆ ತೋಟದ ಅಂಚಿನಲ್ಲಿ ಅರ್ಧ ಹೂತ ವೀರಗಲ್ಲು ಕಂಡಿತು. ಕೆಳಗೆ ದನಗಳ ನಡುವೆ ಕಾದಾಡುವ ವೀರ, ನಡುವಿನ ಪಟ್ಟಿಕೆಯಲ್ಲಿ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಅಕ್ಷರ ಒಂದೂ ಇರಲಿಲ್ಲ. ತೋಟದ ಯಜಮಾನರು, "ನಮ್ಮಜ್ಜನ ಕಾಲದಿಂದ್ಲೂ ಅಲ್ಲೇ ಇದೆ ಮಾರಾಯ್ರೆ, ಏನು ಎತ್ತ ಗೊತ್ತಿಲ್ಲ" ಅಂದರು. ಪಾಚಿ ಒರೆಸಿ ಇಪ್ಪತ್ತು ಇಪ್ಪತ್ತೈದು ಚಿತ್ರ ತೆಗೆಯುವಷ್ಟರಲ್ಲಿ ಮಳೆ ಹನಿಯಿತು.

ರಾತ್ರಿ ಕೊಪ್ಪದಲ್ಲಿ ಪರಿಚಯದವರ ಮನೆ. ಕಾರ್ಡನ್ನು ಅವರ ಕಂಪ್ಯೂಟರಿಗೆ ಹಾಕಿ ನಕಲು ಮಾಡುತ್ತಿದ್ದೆ, ಕರೆಂಟು ಹೋಯ್ತು. ಮಲೆನಾಡಿನ ಮಳೆಗಾಲದಲ್ಲಿ ಇದೇನು ಹೊಸದಲ್ಲ. ಬೆಳಿಗ್ಗೆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದರೆ, ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಕಂಪ್ಯೂಟರಿಗೆ ಎಲ್ಲ ಇಳಿದಿದೆ ಅಂದುಕೊಂಡು ಹೂಂ ಅಂದೆ. ಇಳಿದಿದ್ದು ಬಸದಿಯ ಚಿತ್ರಗಳು ಮಾತ್ರ ಅಂತ ಊರಿಗೆ ಮರಳಿದ ಮೇಲೆ ತಿಳಿಯಿತು.

ಆಗ ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಚಿತ್ರಗಳ ಪಟ್ಟಿ, ಚಿತ್ರಗಳಲ್ಲ. ಅದೇ ಜಾಗದಲ್ಲಿ ಬೇರೆಯದನ್ನು ಬರೆಯುವ ತನಕ ಹಳೆಯವು ಒಳಗೇ ಇರುತ್ತವೆ, ತಕ್ಕ ತಂತ್ರಾಂಶ ಇದ್ದರೆ ಬಹಳಷ್ಟನ್ನು ಹೊರತೆಗೆಯಬಹುದು. ಆ ಕ್ಷಣ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ನಾನು ಶೃಂಗೇರಿಗೆ ಹೋಗಿ ಮುನ್ನೂರು ಚಿತ್ರ ತೆಗೆದೆ.

ತಮಾಷೆ ಅಂದರೆ, ದಾಖಲೆ ಕಾಪಾಡುವುದನ್ನು ಕಲಿಯಲು ಶೃಂಗೇರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. 1346ರಲ್ಲಿ ಹರಿಹರ ತನ್ನ ತಮ್ಮಂದಿರ ಜೊತೆ ಬಂದು ಭಾರತೀತೀರ್ಥರಿಗೆ ಕೊಟ್ಟ ಭೂದಾನ ಅಲ್ಲಿ ಕಲ್ಲಿನ ಮೇಲಿದೆ. ದಿನನಿತ್ಯದ ಲೆಕ್ಕಪತ್ರಕ್ಕೆ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು, ನಮ್ಮ ಮೆಮೊರಿ ಕಾರ್ಡಿನ ಹಾಗೇ. ಒಂದು ಒದ್ದೆ ಕೈ ಸಾಕು ಎಲ್ಲ ಹೋಗೋದಕ್ಕೆ. ಆದರೂ ಮಠದ ಕಡತಗಳು ಉಳಿದವು, ಎ.ಕೆ. ಶಾಸ್ತ್ರಿಯವರು ಅವನ್ನು ಸಂಪಾದಿಸಿ ಅಚ್ಚಿಗೂ ತಂದರು. 1791ರಲ್ಲಿ ಮರಾಠಾ ಸೈನ್ಯದ ದಾಳಿಯಲ್ಲಿ ಮಠ ಲೂಟಿಯಾದಾಗ ಟಿಪ್ಪು ಸುಲ್ತಾನ್ ಕನ್ನಡದಲ್ಲಿ ಬರೆಸಿದ ಪತ್ರಗಳನ್ನು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದದ್ದು 1916ರಲ್ಲಿ. ಅಂದರೆ 125 ವರ್ಷ, ಆ ಮಳೆಯಲ್ಲಿ, ಆ ಗೆದ್ದಲಿನ ಸೀಮೆಯಲ್ಲಿ, ಯಾರೋ ಒಬ್ಬರು ಆ ಕಟ್ಟನ್ನು ಎತ್ತಿ ಒಣ ಜಾಗದಲ್ಲಿ ಇಡುತ್ತಲೇ ಬಂದಿದ್ದರು.

ಇನ್ನೊಬ್ಬರನ್ನು ನೆನೆಯಬೇಕು, ಬಿ.ಎಲ್. ರೈಸ್. ಆಗ ಈ ಜಿಲ್ಲೆಯ ಹೆಸರು ಕಡೂರು. ಇಲ್ಲಿಯ ಶಾಸನಗಳ ಸಂಪುಟ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯದಾಗಿ 1901ರಲ್ಲಿ ಬಂತು. ಶಾಸನ ಪಡಿಯಚ್ಚು ತೆಗೆಯುವುದು ಸುಲಭದ ಕೆಲಸವಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಇಳಿಯುವ ಹಾಗೆ ಬ್ರಷ್ಷಿನಲ್ಲಿ ಬಡಿದು, ಮಸಿ ಒತ್ತಬೇಕು. ಸಂಪುಟದಲ್ಲಿ ಅದೇ ಪಾಠ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಇನ್ನೊಮ್ಮೆ. ಜೊತೆಗೆ ತಾಲ್ಲೂಕು, ಕ್ರಮಸಂಖ್ಯೆ, ಕಲ್ಲು ಇರುವ ಜಾಗ. ಆ ಪುಸ್ತಕ ಎಷ್ಟೋ ಗ್ರಂಥಾಲಯ ಸೇರಿತು. ಇವತ್ತು ಕಲ್ಲು ಕಳೆದುಹೋದರೂ ಮಾತು ಉಳಿಯುತ್ತದೆ.

ಆದರೆ ರೈಸ್ ಹುಡುಕಿದ್ದು ಅಕ್ಷರಗಳನ್ನು. ನನ್ನ ವೀರನ ಕಲ್ಲಿನಲ್ಲಿ ಅಕ್ಷರ ಇರಲಿಲ್ಲವಲ್ಲ, ಹಾಗಾಗಿ ಅವನು ಯಾವ ಸಂಪುಟದಲ್ಲೂ ಇಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೋದೆ. ರಸ್ತೆ ಅಗಲವಾಗಿತ್ತು. ಯಜಮಾನರು, "ಜೇಸಿಬಿ ಬಂದಿತ್ತು, ಮಣ್ಣಿನ ಜೊತೆ ಹೋಯ್ತೇನೋ, ನಾನೂ ನೋಡ್ಲಿಲ್ಲ" ಅಂದರು. ಅವರನ್ನು ದೂರಿ ಏನು ಮಾಡೋದು? ನೋಡಿದವನು ನಾನು, ಕಳೆದವನೂ ನಾನೇ.

ಈಗ ನನ್ನ ಕ್ರಮ ಹೀಗಿದೆ. ದಿನಕ್ಕೊಂದು ಕಾರ್ಡು, ಊರಿಗೆ ಬಂದು ಎಲ್ಲ ಚಿತ್ರ ತೆರೆದು ನೋಡುವ ತನಕ ಯಾವುದನ್ನೂ ಅಳಿಸಲ್ಲ. ರಾತ್ರಿ ಒಂದು ನಕಲು ಸಣ್ಣ ಹಾರ್ಡ್ ಡಿಸ್ಕಿಗೆ, ಅದೂ ಬ್ಯಾಟರಿ ತುಂಬಿರುವ ಲ್ಯಾಪ್‌ಟಾಪಿನಿಂದ. ಡಿಸ್ಕು ಕ್ಯಾಮೆರಾ ಚೀಲದಲ್ಲಿ ಇರಲ್ಲ, ಬಟ್ಟೆ ಚೀಲದಲ್ಲಿ ಇರುತ್ತದೆ. ಒಂದು ಕಳೆದರೆ ಇನ್ನೊಂದು ಇರಬೇಕಲ್ಲ. ಎರಡಕ್ಕೂ ಸಿಲಿಕಾ ಜೆಲ್ ಪೊಟ್ಟಣ. ಪೇಟೆಯಲ್ಲಿ ಸಿಗ್ನಲ್ ಸಿಕ್ಕಾಗ ಮುಖ್ಯವಾದ ನಾಲ್ಕೈದು ಚಿತ್ರ ಮನೆಗೆ ಕಳಿಸಿಬಿಡ್ತೀನಿ, ಅದೂ ಫೈಲ್ ಆಗಿ. ಬರೀ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಹಿಂಡಿ ಸಣ್ಣದು ಮಾಡುತ್ತದೆ. ಕೊನೆಯದಾಗಿ ಒಂದು ನೋಟ್ ಪುಸ್ತಕ: ಊರು, ತೋಟ, ಯಾವ ದಿಕ್ಕು, ಕಲ್ಲಿನ ಎತ್ತರ ಎಷ್ಟು ಗೇಣು. ಎಲ್ಲಿಯದೆಂದು ಗೊತ್ತಿಲ್ಲದ ಚಿತ್ರ ಇದ್ದೂ ಇಲ್ಲದ ಹಾಗೆ.

ಆ ಹಳೆಯ ಕಾರ್ಡನ್ನು ಕೊನೆಗೂ ತಂತ್ರಾಂಶಕ್ಕೆ ಕೊಟ್ಟು ಕೆದಕಿಸಿದೆ. ಒಂದು ಚಿತ್ರ ಮರಳಿತು, ಅದೂ ಅರ್ಧ. ಅಡ್ಡ ಹಿಡಿದು ತೆಗೆದದ್ದು. ಎಡಭಾಗದಲ್ಲಿ ಎರಡು ದನ, ವೀರನ ಒಂದು ಕಾಲು, ಬಿಲ್ಲಿನ ತುದಿ. ಉಳಿದದ್ದೆಲ್ಲ ಬೂದು ಬಣ್ಣ. ಮುಖ ಇಲ್ಲ. ಆ ಅರ್ಧ ಚಿತ್ರವನ್ನು ಈಗ ಮೂರು ಕಡೆ ಇಟ್ಟಿದ್ದೀನಿ.