ಅನ್ನ ಬಿಟ್ಟರೆ ಕೊಲೆಸ್ಟ್ರಾಲ್ ಇಳಿಯುತ್ತಾ? ಲೋ ಕಾರ್ಬ್ ಡಯಟ್ ಶುರು ಮಾಡೋ ಮುಂಚೆ ಇದನ್ನು ಓದಿ

ಅನ್ನ, ಮುದ್ದೆ, ಚಪಾತಿ ಬಿಟ್ಟು ಮೊಟ್ಟೆ, ಪನೀರ್, ಚಿಕನ್, ತುಪ್ಪದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ‘ಲೋ ಕಾರ್ಬ್’ ಡಯಟ್ ಮೊಬೈಲ್ ವಿಡಿಯೋಗಳಿಂದ ಹಳ್ಳಿ ಮನೆಗಳಿಗೂ ಬಂದಿದೆ. ಇದರಿಂದ ಎಷ್ಟೋ ಜನರ ತೂಕ, ಶುಗರ್ ಇಳಿಯೋದು ನಿಜ. ಆದರೆ ಕೆಲವರಲ್ಲಿ ಅದೇ ಹೊತ್ತಿಗೆ ಕೆಟ್ಟ ಕೊಲೆಸ್ಟ್ರಾಲ್ ಸದ್ದಿಲ್ಲದೆ ಏರುತ್ತೆ. ಗೊತ್ತಾಗೋದು ರಕ್ತ ಪರೀಕ್ಷೆಯಲ್ಲಿ ಮಾತ್ರ.

ಕೊಲೆಸ್ಟ್ರಾಲ್ ಅಂದ್ರೆ ಏನು?
ಮೇಣದಂಥ ಕೊಬ್ಬಿನ ಪದಾರ್ಥ. ಜೀವಕೋಶ, ಹಾರ್ಮೋನ್‌ಗಳಿಗೆ ಇದು ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರ್ ಪಾತ್ರ ದೊಡ್ಡದು. ಎಲ್‌ಡಿಎಲ್ ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿಕೊಂಡು ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ಗೆ ದಾರಿಯಾಗುತ್ತದೆ.

ರಿಪೋರ್ಟ್‌ನಲ್ಲಿ ಏನು ನೋಡಬೇಕು? (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ)
* ಒಟ್ಟು ಕೊಲೆಸ್ಟ್ರಾಲ್: 200ಕ್ಕಿಂತ ಕಡಿಮೆ
* ಎಲ್‌ಡಿಎಲ್ (ಕೆಟ್ಟದ್ದು): 100ಕ್ಕಿಂತ ಕಡಿಮೆ. ಹೃದ್ರೋಗ ಇದ್ದವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳುತ್ತಾರೆ
* ಎಚ್‌ಡಿಎಲ್ (ಒಳ್ಳೆಯದು): ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಹೆಚ್ಚು
* ಟ್ರೈಗ್ಲಿಸರೈಡ್: 150ಕ್ಕಿಂತ ಕಡಿಮೆ

ಕಾರ್ಬ್ ಕಡಿಮೆ ಮಾಡಿದರೆ?
ಹೆಚ್ಚಾದ ಅನ್ನ, ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಅವನ್ನು ಕಡಿಮೆ ಮಾಡಿದರೆ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಇಳಿಯುತ್ತೆ, ಎಚ್‌ಡಿಎಲ್ ಸ್ವಲ್ಪ ಏರುತ್ತೆ. ಎಲ್‌ಡಿಎಲ್ ಕಥೆ ಬೇರೆ. ಅನ್ನದ ಜಾಗಕ್ಕೆ ತುಪ್ಪ, ಬೆಣ್ಣೆ, ಕೊಬ್ಬಿನ ಮಾಂಸ ಬಂದರೆ ಅದು ಏರಬಹುದು. ಕಾಳು, ಸೊಪ್ಪು, ಮೀನು, ಕಡ್ಲೆಕಾಯಿ ಬಂದರೆ ಆ ಭಯ ಕಡಿಮೆ.

ಮುದ್ದೆ ಲೋ ಕಾರ್ಬ್ ಅಲ್ಲ
ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಒಳ್ಳೆಯದೇ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ. ಅನ್ನ ಬಿಟ್ಟು ಎರಡು ಮುದ್ದೆ ಹೆಚ್ಚಿಗೆ ತಿಂದರೆ ಲೆಕ್ಕ ಅಲ್ಲಿಗಲ್ಲಿಗೇ.

ಎಣ್ಣೆ ಪ್ಯಾಕೆಟ್ ಮೇಲಿನ ‘ಕೊಲೆಸ್ಟ್ರಾಲ್ ಫ್ರೀ’
ಗಿರಾಕಿಗಳು ಅಂಗಡಿಯಲ್ಲಿ ಕೇಳೋ ಮಾತಿದು. ಸಸ್ಯಜನ್ಯ ಎಣ್ಣೆ ಯಾವುದರಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಸಿಗುವಷ್ಟು ಇರಲ್ಲ. ನೋಡಬೇಕಾದ್ದು ‘ಸ್ಯಾಚುರೇಟೆಡ್ ಫ್ಯಾಟ್’. ಪಾಮ್ ಎಣ್ಣೆಯಲ್ಲಿ ಇದು ಹೆಚ್ಚುಕಡಿಮೆ ಅರ್ಧದಷ್ಟಿದ್ದರೆ, ಕಡ್ಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗದ ಆಸುಪಾಸು.

ಇವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು
* ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳೋರು: ದಿಢೀರ್ ಅನ್ನ ಬಿಟ್ಟರೆ ಶುಗರ್ ಲೋ ಆಗಿ ಪ್ರಜ್ಞೆ ತಪ್ಪಬಹುದು
* ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆ ನುಂಗೋರು: ರಕ್ತದಲ್ಲಿ ಆಮ್ಲ ಹೆಚ್ಚಾಗುವ ಅಪಾಯ
* ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು

ಏನು ಮಾಡಬಹುದು?
ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಧಾನ್ಯಗಳ ಪಾಲು ಶೇ 45 ಮೀರಬಾರದು. ಅಂದರೆ ಅನ್ನ ಪೂರ್ತಿ ಬಿಡಬೇಕಿಲ್ಲ, ತಟ್ಟೆಯಲ್ಲಿ ಅನ್ನ ಇಳಿಸಿ ಪಲ್ಯ, ಕಾಳು ಏರಿಸಿದರೆ ಆಯ್ತು. ಡಯಟ್ ಮಾಡೋದೇ ಆದರೆ ಮೊದಲೊಮ್ಮೆ, 3 ತಿಂಗಳಾದ ಮೇಲೆ ಇನ್ನೊಮ್ಮೆ ‘ಲಿಪಿಡ್ ಪ್ರೊಫೈಲ್’ ಮಾಡಿಸಿ. ಎಲ್‌ಡಿಎಲ್ ಏರಿದ್ದರೆ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ತೂಕ ಇಳೀತು ಅಂತ ಕೊಲೆಸ್ಟ್ರಾಲ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.